ಮುಚ್ಚಳದ ಒಳಗಿನ ಬರಹ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತ ಮನೆಮನೆಗಳಲ್ಲಿ ಗುರುಗುಡುವ ಮಿಕ್ಸಿ, ಗ್ರೈಂಡರು, ವಾಷಿಂಗ್ ಮೆಷಿನ್ನುಗಳ ಹೊಟ್ಟೆಯೊಳಗೆ ಬೈಗುಳ ತುಂಬಿದೆ ಎಂದರೆ ಆ ಮನೆಯವರು ನಂಬಲಾರರು. ಆದರೆ ಇದೆ. ಕಪ್ಪು ಮಾರ್ಕರಿನಲ್ಲಿ, ತಾರೀಖು ಹಾಕಿ, ಕೆಳಗೆ ಒಂದಕ್ಷರದ ಸಹಿ ಮಾಡಿ ಬರೆದದ್ದು. ಬರೆದವರು ಮೂವರು ರಿಪೇರಿಯವರು. ಓದುವವರೂ ಅವರೇ, ಏಕೆಂದರೆ ಈ ಸೀಮೆಯಲ್ಲಿ ಕೆಟ್ಟ ಯಂತ್ರ ಎಲ್ಲಿ ಸುತ್ತಿದರೂ ಕೊನೆಗೆ ಈ ಮೂವರಲ್ಲೊಬ್ಬರ ಕೈಗೆ ಬರಲೇಬೇಕು.

"ಈ ಸ್ಕ್ರೂ ತಿರುಗಿಸಿದವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟವರು ಯಾರು? – ಪ್ರ" ಎಂದು ಒಂದು ಗ್ರೈಂಡರಿನ ತಳದಲ್ಲಿದೆ. ಅದರ ಕೆಳಗೆ "ನಿನ್ನ ಮಾವ – ಯೋ" ಎಂದು ಉತ್ತರವಿದೆ. ಒಂದು ಫ್ರಿಜ್ಜಿನ ಹಿಂದಿನ ತಗಡಿನಲ್ಲಿ, "ಜಿರಲೆ ಸಂಸಾರ ಸಮೇತ ಒಳಗಿದೆ. ಬಾಣಂತಿ ಇದ್ದಾಳೆ, ಎಬ್ಬಿಸಬೇಡಿ – ಯೋ." 'ಪ್ರ' ಎಂದರೆ ಶೃಂಗೇರಿಯ ಪ್ರದೀಪ. 'ಯೋ' ಎಂದರೆ ಕೊಪ್ಪದ ಯೋಗೇಶ. ಈ ಕತೆ ಅವನದು.

ಮೂರನೆಯ ಅಕ್ಷರ 'ಕ'. ಅದು ನರಸಿಂಹರಾಜಪುರದ ಕರಿಯಣ್ಣ, ಉಳಿದಿಬ್ಬರಿಗೂ ಕೆಲಸ ಕಲಿಸಿದವರು. ಅವರು ತಮಾಷೆ ಬರೆದವರಲ್ಲ. ಬರೆಯುವ ಪದ್ಧತಿಯನ್ನು ಶುರುಮಾಡಿದ್ದು ಮಾತ್ರ ಅವರೇ. ಯಾವ ದಿನ ಏನು ಬದಲಾಯಿಸಿದೆ, ಏನನ್ನು ಅರ್ಧಕ್ಕೆ ಬಿಟ್ಟಿದೆ ಎಂದು ಬರೆದಿಟ್ಟರೆ ಮುಂದೆ ಬಿಚ್ಚುವವನು ಕತ್ತಲಲ್ಲಿ ತಡಕಾಡಬೇಕಿಲ್ಲ ಎಂದು. ಅವರ ಅಕ್ಷರ ದುಂಡಗೆ, ಭಾಷೆ ತಾಲ್ಲೂಕು ಆಫೀಸಿನ ಸುತ್ತೋಲೆಯ ಹಾಗೆ. "ಕೆಪಾಸಿಟರ್ ಬದಲಾಯಿಸಲಾಗಿದೆ. ಬೇರಿಂಗ್ ಸದ್ದು ಮಾಡುತ್ತಿದ್ದು, ಮುಂದಿನ ಸಲ ಗಮನಿಸುವುದು. – ಕ." ಈ 'ಗಮನಿಸುವುದು'ಗಳನ್ನು ಓದಿ ಓದಿ ಶಿಷ್ಯರಿಬ್ಬರು ಇಪ್ಪತ್ತು ವರ್ಷದಿಂದ ನಗುತ್ತ ಬಂದಿದ್ದರು.

ಯೋಗೇಶ ಕಡಹಿನಬೈಲಿನವನು. ಅಪ್ಪ ಜಟ್ಟಪ್ಪ ಕಂಡವರ ಗದ್ದೆ, ತೋಟಗಳಲ್ಲಿ ದುಡಿದವನು. ಮಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎರಡು ಸಲ ಮುಗ್ಗರಿಸಿದಾಗ ಜಟ್ಟಪ್ಪ ಅವನನ್ನು ಕರಿಯಣ್ಣನ ಅಂಗಡಿಗೆ ತಂದು ಬಿಟ್ಟು, "ಇವ್ನಿಗೆ ಬಾಯಿ ಒಂದು ಬಿಟ್ರೆ ಬೇರೆ ಎಂತದೂ ನಡೆಯಲ್ಲ, ನೋಡಿ" ಎಂದು ಹೇಳಿ ಹೋಗಿದ್ದ. ಅಪ್ಪನ ಮಾತು ಅರ್ಧ ಸುಳ್ಳಾಯಿತು. ಹುಡುಗನ ಕೈಯೂ ನಡೆಯಿತು. ಒಂದೇ ವರ್ಷದಲ್ಲಿ ಮಿಕ್ಸಿಯ ಮೋಟಾರನ್ನು ಕಣ್ಣು ಮುಚ್ಚಿ ಜೋಡಿಸುವಷ್ಟಾದ. ಬಾಯಿ ಮಾತ್ರ ಕೈಗಿಂತ ಎರಡು ಹೆಜ್ಜೆ ಮುಂದೆಯೇ ಉಳಿಯಿತು. ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಹಾಕಿದ ಮೇಲೆ ಜನ ಕೆಟ್ಟ ಸಾಮಾನು ಹಿಡಿದು ಬರುತ್ತಿದ್ದುದು ಅರ್ಧ ರಿಪೇರಿಗೆ, ಅರ್ಧ ಅವನ ಮಾತಿಗೆ. "ಅಕ್ಕ, ಇದು ಮಿಕ್ಸಿ, ಜಲ್ಲಿ ಕ್ರಷರ್ ಅಲ್ಲ" ಎಂದರೆ ಬೈಸಿಕೊಂಡ ಹೆಂಗಸೇ ಮೊದಲು ನಗುತ್ತಿದ್ದಳು. ಹೆಂಡತಿ ಕುಸುಮಾ ಮಾತ್ರ, "ನಿಮ್ಮ ಬಾಯಿಗೊಂದು ಸ್ವಿಚ್ ಹಾಕಿಸ್ಕಳಿ ಮಾರಾಯ್ರೇ" ಎನ್ನುತ್ತಿದ್ದಳು. ಅವನು ಅದಕ್ಕೂ ನಗುತ್ತಿದ್ದ.

ಮೊಬೈಲು ಬಂದ ಮೇಲೆ ಮೂವರದೂ ಒಂದು ವಾಟ್ಸಾಪ್ ಗುಂಪಾಯಿತು. ಹೆಸರು 'ಶಾಕ್ ಹೊಡೆಸಿಕೊಂಡವರ ಸಂಘ'. ಇಟ್ಟವನು ಯೋಗೇಶನೇ. ಯಂತ್ರ ಬಿಚ್ಚಿ ಒಳಗಿನ ಬರಹ ಕಂಡರೆ ಫೋಟೊ ತೆಗೆದು ಹಾಕುವುದು, ಉಳಿದವರು ಬಾಯಿಗೆ ಬಂದಂತೆ ಅನ್ನುವುದು. ದಿನವಿಡೀ ಒಬ್ಬೊಬ್ಬರೇ ಯಾರದೋ ಬಚ್ಚಲಲ್ಲಿ, ಅಡಿಗೆಮನೆಯ ಮೂಲೆಯಲ್ಲಿ ಕೂತು ದುಡಿಯುವವರಿಗೆ ಅದು ಬೇಕೂ ಆಗಿತ್ತು. ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ.

ಹೋದ ಜನವರಿಯ ಒಂದು ಮಂಗಳವಾರ ಮಧ್ಯಾಹ್ನ ಅಂಗಡಿಯ ಮುಂದೆ ಆಟೊ ನಿಂತಿತು. ಇಳಿದವನು ಹರಿಹರಪುರದ ಕಡೆಯ ಅರುಣ, ಮಹೇಶ್ವರ ಭಟ್ಟರ ತೋಟದಲ್ಲಿ ಕೆಲಸಕ್ಕಿರುವವನು. ತೊಡೆಯ ಮೇಲೆ ಗೋಣಿಚೀಲ ಸುತ್ತಿದ ಒಂದು ಗೀಸರ್ ಇಟ್ಟುಕೊಂಡು ಬಂದಿದ್ದ.

ಯೋಗೇಶ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಹದಿನಾರು ದಿನದ ಹಿಂದೆ ಅರುಣನ ಹೆಂಡತಿ ಅಂಬಿಕಾ ಬಚ್ಚಲಲ್ಲಿ ಕರೆಂಟು ಹೊಡೆದು ಸತ್ತಿದ್ದಳು. ಭಟ್ಟರ ಅಂಗಳದಲ್ಲಿ ಸಂಜೆಯವರೆಗೆ ಅಡಿಕೆ ಸುಲಿದು, ಅಡಿಕೆಯ ಚೊಗರಿನ ಕಲೆ ಹತ್ತಿದ ಕೈ ತೊಳೆದು ಮೀಯಲು ಹೋದವಳು ನಲ್ಲಿ ಹಿಡಿದುಕೊಂಡೇ ಬಿದ್ದಿದ್ದಳಂತೆ. ಸುದ್ದಿ ಕೊಪ್ಪಕ್ಕೆ ಬಂದಾಗ ಅದರ ಬಾಲದಲ್ಲೇ ಇನ್ನೊಂದು ಮಾತೂ ಬಂದಿತ್ತು: ಗಂಡ ಪ್ಲಗ್ಗನ್ನು ತಾನೇ ಏನೋ ಹಾಕಿಕೊಂಡಿದ್ದನಂತೆ, ಅದರಿಂದಲೇ ಅಂತೆ. ಆ ಮನೆಗೆ ಆ ಗೀಸರ್ ಕೂರಿಸಿ ಬಂದವನು ಯೋಗೇಶ. ಆ ಎರಡನೇ ಮಾತು ಕಿವಿಗೆ ಬಿದ್ದಾಗ ಅವನಿಗೆ ಆದದ್ದು ದುಃಖವಲ್ಲ, ಸಮಾಧಾನ. ಇದು ಅವನಿಗೂ ಗೊತ್ತಿತ್ತು. ಅದಕ್ಕೇ ಮಣ್ಣಿಗೂ ಹೋಗಿರಲಿಲ್ಲ, ಹನ್ನೊಂದನೆಯ ದಿನಕ್ಕೂ ಹೋಗಿರಲಿಲ್ಲ.

"ಯೋಗೇಶಣ್ಣ, ಇದನ್ನ ಬಿಚ್ಚಿ ನೋಡ್ಬೇಕು" ಎಂದ ಅರುಣ.

"ಎಂತಕ್ಕೆ ಅರುಣ? ಇದನ್ನ ಇನ್ನು ರಿಪೇರಿ ಮಾಡಿ..."

"ರಿಪೇರಿಗಲ್ಲ." ಅರುಣ ಸ್ಟೂಲಿನ ಮೇಲೆ ಕುಳಿತ. ಮುಖದಲ್ಲಿ ಕ್ಷೌರವಿಲ್ಲದೆ ಅವನ ವಯಸ್ಸು ತಿಳಿಯದಂತಾಗಿತ್ತು. "ಪ್ಲಗ್ ಸುಟ್ಟು ಹೋಗಿತ್ತು. ಅವ್ಳು ಸಾಯೋಕೆ ಎಂಟು ದಿನ ಮೊದ್ಲು ನಾನೇ ಹೊಸದು ತಂದು ಹಾಕಿದ್ದೆ. ನಿಮ್ಗೆ ಫೋನ್ ಮಾಡನ ಅಂತ ಅವ್ಳು ಹೇಳಿದ್ಲು. ಇಷ್ಟು ಸಣ್ಣ ಕೆಲಸಕ್ಕೆ ಅವ್ರನ್ನ ಎಂತಕ್ಕೆ ಕರ್ಸದು ಅಂತ ನಾನೇ ಹಾಕ್ದೆ. ಪೊಲೀಸ್ನೋರು ಯಾರು ಹಾಕಿದ್ದು ಅಂತ ಕೇಳಿದ್ರು. ನಾನೇ ಅಂದೆ. ಬರ್ಕಂಡು ಹೋದ್ರು."

ಯೋಗೇಶ ಬೆಂಚಿನ ಮೇಲೆ ಚೆಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದ.

"ನಮ್ಮ ಅತ್ತೆ ಹೆಣದ ಮುಂದೆನೇ ಹೇಳಿದ್ರು, ನೀನೇ ಕೊಂದೆ ಅಂತ. ಮಗಳನ್ನ ಕರ್ಕಂಡು ನೆಮ್ಮಾರಿಗೆ ಹೋದ್ರು. ಎರಡು ಸಲ ಹೋದೆ, ಒಳಗೆ ಬರಕ್ಕೆ ಬಿಡ್ಲಿಲ್ಲ. ಮಗು ಬಾಗ್ಲ ಸಂದಿಯಿಂದ ನೋಡಿ ಒಳಗೆ ಹೋಯ್ತು. ಅದಕ್ಕೂ ಹಾಗೇ ಹೇಳಿದಾರೆ, ನಿಮ್ಮಪ್ಪನಿಂದ ಅಂತ." ಅರುಣ ಗೋಣಿಚೀಲದ ನೂಲನ್ನು ಕೀಳುತ್ತಿದ್ದ. "ನಂಗೆ ಗೊತ್ತಾಗ್ಬೇಕು ಅಣ್ಣ. ನಾನೇ ಹೌದಾದ್ರೆ ಹೌದು ಅನ್ನಿ. ಗೊತ್ತಿಲ್ದೆ ಇರಕ್ಕೆ ಆಗ್ತಿಲ್ಲ. ನಿಮಗಿಂತ ಸರಿಯಾಗಿ ಇದನ್ನ ನೋಡಿ ಹೇಳೋರು ಯಾರಿದಾರೆ?"

"ಗುರುವಾರ ಬಾ" ಎಂದ ಯೋಗೇಶ.

ಅರುಣ ಹೋದ ಮೇಲೆ ಅಂಗಡಿಯ ಶಟರನ್ನು ಅರ್ಧ ಇಳಿಸಿ ಗೀಸರನ್ನು ಬೆಂಚಿನ ಮೇಲಿಟ್ಟ. ಮೊದಲು ಬಿಚ್ಚಿದ್ದು ಪ್ಲಗ್ಗನ್ನು. ಮನಸ್ಸಿನೊಳಗೆ ಒಂದೇ ಮೊರೆ: ಇದರಲ್ಲೇ ತಪ್ಪಿರಲಿ, ದೇವರೇ, ಇದರಲ್ಲೇ ಇರಲಿ.

ಪ್ಲಗ್ಗು ಚೊಕ್ಕವಾಗಿತ್ತು. ಮೂರೂ ವಯರು ತಮ್ಮ ತಮ್ಮ ಜಾಗದಲ್ಲಿ, ತುದಿ ಹೊಸೆದು, ಸ್ಕ್ರೂ ಬಿಗಿದು ಕೂತಿದ್ದವು. ಎಷ್ಟೋ ಲೈನ್‌ಮನ್ನುಗಳು ಬೇಡವೆಂದು ಕತ್ತರಿಸಿ ಬಿಡುವ ಹಸಿರು ವಯರನ್ನೂ ಅರುಣ ಶ್ರದ್ಧೆಯಿಂದ ಸೇರಿಸಿದ್ದ. ತೋಟದಲ್ಲಿ ಗುದ್ದಲಿ ಹಿಡಿಯುವ ಕೈ ಅದು. ಯೋಗೇಶನ ಕೆಲಸದಲ್ಲೂ ಅಷ್ಟು ನೀಟು ಇರುತ್ತಿರಲಿಲ್ಲ.

ಆಮೇಲೆ ಮೀಟರ್ ಹಿಡಿದ. ಒಳಗೆ ನೀರು ಕಾಯಿಸುವ ಕಾಯಿಲ್ ಬಿರುಕು ಬಿಟ್ಟು ಕರೆಂಟು ನೀರಿಗೆ ಸೋರುತ್ತಿತ್ತು. ಕಾಯಿಲ್ ಅಂದ ಮೇಲೆ ಒಂದಲ್ಲ ಒಂದು ದಿನ ಬಿರುಕು ಬಿಡುತ್ತದೆ, ಅದು ಯಾರ ತಪ್ಪೂ ಅಲ್ಲ. ಆ ದಿನಕ್ಕೆಂದೇ ಹಸಿರು ವಯರು ಇರುವುದು. ಸೋರಿದ ಕರೆಂಟನ್ನು ಅದು ಮನೆಯ ಹೊರಗೆ ಹೂತ ಅರ್ತಿಂಗ್ ಪೈಪಿಗೆ, ಅಲ್ಲಿಂದ ಮಣ್ಣಿಗೆ ಕಳಿಸುತ್ತದೆ. ಫ್ಯೂಸು ಹೋಗುತ್ತದೆ, ಜೀವ ಉಳಿಯುತ್ತದೆ.

ಇನ್ನು ಉಳಿದದ್ದು ಮುಚ್ಚಳ. ನಾಲ್ಕು ಸ್ಕ್ರೂ. ಅದನ್ನು ತೆಗೆಯುವ ಮುಂಚೆ ಅವನು ಹೊರಗೆ ಹೋಗಿ ನೀರು ಕುಡಿದು ಬಂದ. ಒಳಗೆ ಏನಿದೆಯೆಂದು ಅವನಿಗೆ ಗೊತ್ತಿತ್ತು. ಹದಿನಾರು ದಿನದಿಂದ ಗೊತ್ತಿತ್ತು.

ಅರುಣನ ಪ್ಲಗ್ಗಿನಿಂದ ಹೊರಟ ಹಸಿರು ವಯರು ಎಲ್ಲೂ ತುಂಡಾಗದೆ ಗೀಸರಿನ ಒಳಗಿನವರೆಗೂ ಬಂದು, ಅಲ್ಲಿ ಯಾವುದಕ್ಕೂ ತಾಗದೆ, ತುದಿಗೆ ಕಪ್ಪು ಟೇಪು ಸುತ್ತಿಸಿಕೊಂಡು ನೇತಾಡುತ್ತಿತ್ತು. ಮುಚ್ಚಳದ ಒಳಮೈಯಲ್ಲಿ ದುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು:

"ಮನೆಯ ಅರ್ತಿಂಗ್ ಕೆಟ್ಟಿರುವುದರಿಂದ ಹಸಿರು ವಯರನ್ನು ತಾತ್ಕಾಲಿಕವಾಗಿ ಬಿಚ್ಚಲಾಗಿದೆ. ಅರ್ತಿಂಗ್ ಸರಿಯಾದ ಕೂಡಲೇ ಮರೆಯದೆ ಸೇರಿಸುವುದು. – ಕ."

ಅದರ ಕೆಳಗೆ, ಓರೆಯಾಗಿ, ಅವಸರದ ಅಕ್ಷರದಲ್ಲಿ: "ಅಪ್ಪಣೆ ಗುರುಗಳೇ! ನೀವು ಕನ್ನಡ ಮೇಷ್ಟ್ರಾಗಬೇಕಿತ್ತು. – ಯೋ."

ಆ ಗೀಸರ್ ಮೊದಲು ಇದ್ದದ್ದು ಮಹೇಶ್ವರ ಭಟ್ಟರ ಹಳೆಯ ಮನೆಯಲ್ಲಿ. ಅಲ್ಲಿನ ಅರ್ತಿಂಗ್ ಪೈಪು ತುಕ್ಕು ತಿಂದು ಹೋಗಿತ್ತು. ಹಾಗಾದಾಗ ಬಾವಿಯ ಪಂಪಿನಲ್ಲಿ ಸೋರಿದ ಕರೆಂಟು ಮಣ್ಣಿಗೆ ಹೋಗಲಾರದೆ, ಹಸಿರು ವಯರಿನ ದಾರಿಯಲ್ಲೇ ತಿರುಗಿ ಬಂದು ಮನೆಯ ನಲ್ಲಿ, ಫ್ರಿಜ್ಜುಗಳನ್ನೆಲ್ಲ ಜುಮ್ಮೆನ್ನಿಸುತ್ತದೆ. ಮನೆಯವರು ಗಾಬರಿಯಾಗಿ ರಿಪೇರಿಯವರನ್ನು ಕರೆಸುತ್ತಾರೆ. ರಿಪೇರಿಯವರು ಗೀಸರಿನ ಹಸಿರು ವಯರನ್ನು ಬಿಚ್ಚುತ್ತಾರೆ, ನಲ್ಲಿ ಜುಮ್ಮೆನ್ನುವುದು ನಿಲ್ಲುತ್ತದೆ. ಇಲ್ಲಿಯ ರಿಪೇರಿಯವರೆಲ್ಲ ಇದನ್ನು ಮಾಡುತ್ತಾರೆ. ಮಾಡಬಾರದೆಂದು ಅವರೆಲ್ಲರಿಗೂ ಗೊತ್ತಿದೆ. ಕರಿಯಣ್ಣನೂ ಮಾಡಿದ್ದರು, ಮಾಡಿ ಬರೆದಿಟ್ಟಿದ್ದರು.

ಎರಡು ವರ್ಷದ ಹಿಂದೆ ಭಟ್ಟರು ಮನೆಗೆ ಹೊಸ ವಯರಿಂಗ್ ಮಾಡಿಸಿ, ಮಾಡಿನ ಮೇಲೆ ಸೋಲಾರ್ ಕೂರಿಸಿದರು. ಹಳೆ ಗೀಸರನ್ನು ಅಂಬಿಕಾಳಿಗೆ ಕೊಟ್ಟರು. ದಿನಾ ಬಚ್ಚಲೊಲೆ ಊದಲು ಬಗ್ಗಿ ಬಗ್ಗಿ ಅವಳ ಸೊಂಟ ಹೋಗಿತ್ತು, ಹೊಗೆಗೆ ಕೆಮ್ಮು ಬೇರೆ. ಅದನ್ನು ಕೂರಿಸಲು ಬಂದ ದಿನ ಯೋಗೇಶನಿಗೆ ಅವಳು ಸ್ಟೂಲು ಹಿಡಿದುಕೊಂಡು ನಿಂತಿದ್ದಳು. ಅರುಣನ ಮನೆ ಸರ್ಕಾರದ ಯೋಜನೆಯಲ್ಲಿ ಕಟ್ಟಿದ ಹೊಸ ಮನೆ. ಅರ್ತಿಂಗ್ ಪೈಪು ಗೋಡೆಯ ಬದಿಯಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಮುಚ್ಚಳ ತೆಗೆದವನು 'ಮರೆಯದೆ ಸೇರಿಸುವುದು' ಎಂಬುದನ್ನು ಓದಿ ಗಹಗಹಿಸಿ ನಕ್ಕ. ಮಾರ್ಕರ್ ತೆಗೆದು ಕೆಳಗೆ ತನ್ನದೊಂದು ಗೀಚಿದ, ಫೋಟೊ ಹೊಡೆದ, ಸಂಘಕ್ಕೆ ಕಳಿಸಿದ. ಶೃಂಗೇರಿಯಿಂದ ಪ್ರದೀಪನ ಧ್ವನಿ ಬಂತು: "ಗುರುಗಳೇ, ಅರ್ಜಿಗೆ ಠಸ್ಸೆ ಹಾಕಿಲ್ಲ, ಇದು ನಡೆಯಲ್ಲ!" ಯೋಗೇಶ ಅದನ್ನು ಎರಡು ಸಲ ಹಾಕಿ ಕೇಳಿದ. ಉತ್ತರ ಕಳಿಸಿದ. ಅದಕ್ಕೆ ಇನ್ನೊಂದು ಬಂತು.

"ಎಂತ ಬರ್ದಿದೆ ಯೋಗೇಶಣ್ಣ ಅದ್ರಲ್ಲಿ? ಅಷ್ಟು ನಗ್ತಿದೀರಲ್ಲ" ಎಂದು ಅಂಬಿಕಾ ಕೆಳಗಿನಿಂದ ಕೇಳಿದಳು.

"ಎಂತ ಇಲ್ಲ ಮಾರಾಯ್ತಿ, ನಮ್ಮ ಗುರುಗಳ ಉಪದೇಶ" ಎಂದ. ನಗುತ್ತಲೇ ಮುಚ್ಚಳ ಹಾಕಿ ನಾಲ್ಕು ಸ್ಕ್ರೂ ಬಿಗಿದ. ಬಿಸಿನೀರು ಬಂತು. ಅವಳು ನಲ್ಲಿಯ ಕೆಳಗೆ ಎರಡೂ ಕೈ ಒಡ್ಡಿ, ತೆಗೆಯದೆ ಹಾಗೇ ನಿಂತಿದ್ದಳು.

ಕೊಪ್ಪಕ್ಕೆ ತಿರುಗಿ ಬಂದು ಫೋನ್ ನೋಡಿದರೆ ಕರಿಯಣ್ಣನ ಧ್ವನಿಯೊಂದು ಕಾದಿತ್ತು. "ನಗಾಡಿದ್ದು ಸಾಕು. ಸೇರಿಸಿದ್ಯೇನೋ?" ಆಗ ಅವನಿಗೆ ನೆನಪಾಯಿತು. ನಾಳೆ ಆ ಕಡೆ ಹೋಗುವುದಿದೆ, ಹೋದಾಗ ಸೇರಿಸಿದರಾಯಿತು ಎಂದುಕೊಂಡು, "ಆಯ್ತು ಗುರುಗಳೇ" ಎಂದು ಒತ್ತಿದ. ನಾಳೆ ಹೋಗುವುದು ಆಗಲಿಲ್ಲ. ಆಮೇಲೆ ಮರೆಯಿತು.

ಈಗ ಬೆಂಚಿನ ಮುಂದೆ ನಿಂತು ಹತ್ತಿಗೆ ಥಿನ್ನರ್ ಹಾಕಿದ. 'ಅಪ್ಪಣೆ'ಯ ಮೊದಲಕ್ಷರದ ಮೇಲೆ ಉಜ್ಜಿದ. ಕಪ್ಪು ಸುಲಭವಾಗಿ ಬಿಟ್ಟಿತು. ಹೀಗೇ ಎರಡು ಸಾಲು ಒರೆಸಿ, ಹಸಿರು ವಯರಿಗೊಂದು ಸ್ಕ್ರೂ ಬಿಗಿದರೆ ಮುಗಿಯಿತು. ಪ್ಲಗ್ಗಿನೊಳಗಿನ ಒಂದು ವಯರನ್ನು ಸ್ವಲ್ಪ ಸಡಿಲಿಸಿದರೆ ಇನ್ನೂ ಭದ್ರ. ಅರುಣ ನಂಬುತ್ತಾನೆ. ನಂಬಲೆಂದೇ ಬಂದಿದ್ದಾನೆ. ಹತ್ತಿ ಹಿಡಿದ ಕೈ ಅಲ್ಲಿಗೇ ನಿಂತಿತು. ಒಳ್ಳೆಯತನದಿಂದ ನಿಂತಿತೆಂದು ನಾನು ಹೇಳುವುದಿಲ್ಲ. ಅಷ್ಟು ಚೊಕ್ಕವಾಗಿ ಬಿಗಿದ ಪ್ಲಗ್ಗನ್ನು ತನ್ನ ಕೈಯಾರೆ ಕೆಡಿಸಲು ಅವನಿಗೆ ಆಗಲಿಲ್ಲ. ಇಪ್ಪತ್ತೇಳು ವರ್ಷದ ಕಸುಬು ಕೈಯನ್ನು ಹಿಡಿದುಕೊಂಡಿತು.

ಪ್ರದೀಪನಿಗೆ ಫೋನ್ ಮಾಡಿದ. ಪ್ರದೀಪ ಎಂದಿನಂತೆ, "ಎಂತ ಸಾಹೇಬ್ರೇ, ಸತ್ತಿಲ್ವಾ ಇನ್ನೂ?" ಎಂದು ಶುರುಮಾಡಿದವನು ವಿಷಯ ಕೇಳಿ ದನಿ ತಗ್ಗಿಸಿದ.

"ಮುಚ್ಚಳ ಗುಜರಿಗೆ ಹಾಕು ಮಾರಾಯ" ಎಂದ ಆಮೇಲೆ. "ಪ್ಲಗ್ ಸಡಿಲ ಇತ್ತು ಅನ್ನು. ಅವನೂ ಹಾಗೇ ಅಂದ್ಕಂಡಿದಾನಲ್ಲ."

"ಅವ್ನು ಅಂದ್ಕಂಡಿರದು ಸುಳ್ಳು ಪ್ರದೀಪ."

"ಸುಳ್ಳೇ. ನಿಜ ಹೇಳಿದ್ರೆ ಅವ್ಳು ಎದ್ದು ಬರ್ತಾಳಾ? ನೀನು ಜೈಲಿಗೆ ಹೋಗ್ತೀಯ, ಅಂಗಡಿ ಹೋಗುತ್ತೆ, ಕುಸುಮಕ್ಕ ಬೀದಿಗೆ ಬರ್ತಾರೆ. ಆ ಫೋಟೊ ನಾನು ಈಗ್ಲೇ ಡಿಲೀಟ್ ಮಾಡ್ತೀನಿ. ನೀನೂ ಮಾಡು." ಸ್ವಲ್ಪ ತಡೆದು, ಬೇರೆಯದೇ ದನಿಯಲ್ಲಿ ಹೇಳಿದ: "ನಾನೂ ನಕ್ಕಿದ್ದೆ ಅಲ್ವನಾ ಅವತ್ತು. ಸೇರ್ಸು ಅಂತ ನಾನೂ ಒಂದು ಮಾತು ಹೇಳ್ಲಿಲ್ಲ."

ಮರುದಿನ ಬೆಳಿಗ್ಗೆ ಯೋಗೇಶ ಮುಚ್ಚಳವನ್ನು ಚೀಲದಲ್ಲಿಟ್ಟುಕೊಂಡು ನರಸಿಂಹರಾಜಪುರಕ್ಕೆ ಹೋದ. ಕರಿಯಣ್ಣ ಜಗಲಿಯಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದರು. ಕೈ ನಡುಗಲು ಶುರುವಾದ ಮೇಲೆ ಅವರು ಅಂಗಡಿ ಮುಚ್ಚಿದ್ದರು. ಯೋಗೇಶ ಎಲ್ಲವನ್ನೂ ಹೇಳಿದ. ಅವರು ಕನ್ನಡಕ ಹಾಕಿಕೊಂಡು ತಮ್ಮದೇ ಬರಹವನ್ನು ಅಕ್ಷರ ಅಕ್ಷರ ಓದಿದರು, ಕೆಳಗಿನದನ್ನೂ ಓದಿದರು.

"ನಾನು ಕೇಳಿದ್ದೆ ಅಲ್ವೇನೋ?"

"ಕೇಳಿದ್ರಿ."

"ನೀನು ಆಯ್ತು ಅಂದಿದ್ದೆ."

"ಹೌದು."

ಅವರು ಮುಚ್ಚಳವನ್ನು ಮೊಣಕಾಲ ಮೇಲಿಟ್ಟುಕೊಂಡು ರಸ್ತೆ ನೋಡುತ್ತ ಕೂತರು. ಬೈಯುತ್ತಾರೆಂದು ಯೋಗೇಶ ಕಾದ. ಬೈದಿದ್ದರೆ ಚೆನ್ನಾಗಿತ್ತು. ಒಳಗಿನಿಂದ ಮೊಮ್ಮಗಳು ಅರ್ಪಣಾ ಕಾಫಿ ತಂದಿಟ್ಟು ಹೋದಳು. ಅದು ಆರಿತು.

"ಪ್ರದೀಪ ಎಂತ ಅಂದ?"

"ಸುಮ್ನಿರು ಅಂದ."

"ಅವ್ನು ನಿನ್ನ ಮೇಲಿನ ಪ್ರೀತಿಗೆ ಅಂದಿದ್ದು. ಆದ್ರೆ ಆ ಅರುಣನ ಮೇಲೆ ಪ್ರೀತಿ ಯಾರಿಗಿದೆ?" ಮುಚ್ಚಳವನ್ನು ತಿರುಗಿ ಕೊಟ್ಟರು. ಅವರ ಕೈ ನಡುಗಿ ಅದು ಟಕಟಕ ಎಂದಿತು. "ಮೊದ್ಲು ಬಿಚ್ಚಿದವ ನಾನು. ಬರ್ದಿಟ್ರೆ ಮುಗೀತು ಅಂದ್ಕಂಡವನೂ ನಾನೇ. ಹೇಳದಾದ್ರೆ ನನ್ನ ಹೆಸ್ರೂ ಹೇಳು. ನಿಂದೊಂದೇ ಹೇಳಿ ದೊಡ್ಡ ಮನುಷ್ಯ ಆಗ್ಬೇಡ."

ಗುರುವಾರ ಅಂಗಡಿ ತೆಗೆಯುವ ಹೊತ್ತಿಗೆ ಅರುಣ ಬಾಗಿಲಲ್ಲೇ ಕೂತಿದ್ದ. ಯೋಗೇಶ ಕುರ್ಚಿ ಕೊಟ್ಟು, ಮುಚ್ಚಳವನ್ನು ಅವನ ಮುಂದಿಟ್ಟು, ನೇತಾಡುವ ವಯರನ್ನು ತೋರಿಸಿದ. ನಿಧಾನವಾಗಿ, ಒಂದನ್ನೂ ಬಿಡದೆ ಹೇಳಿದ. ಕರಿಯಣ್ಣ ವಯರು ಬಿಚ್ಚಿದ್ದು, ಫೋಟೊ, ನಗು, 'ಆಯ್ತು' ಎಂದದ್ದು, ಅಂಬಿಕಾ ಕೇಳಿದ ಪ್ರಶ್ನೆ. "ನಿನ್ನ ಪ್ಲಗ್ ಸರಿ ಇತ್ತು ಅರುಣ. ನಿನ್ನಿಂದ ಎಂತದೂ ತಪ್ಪಾಗಿಲ್ಲ. ತಪ್ಪಾಗಿರದು ನನ್ನಿಂದ."

ಅರುಣ ಮುಚ್ಚಳ ಎತ್ತಿಕೊಂಡು ಬರಹವನ್ನು ಓದಿದ. ತುಟಿ ಅಲುಗುತ್ತಿತ್ತು. ಯೋಗೇಶ ಮೈ ಬಿಗಿಹಿಡಿದು ನಿಂತಿದ್ದ. ಹೊಡೆದರೆ ಹೊಡೆಸಿಕೊಳ್ಳಬೇಕೆಂದು ಮೊದಲೇ ತೀರ್ಮಾನಿಸಿದ್ದ.

"ಅದನ್ನ ಸೇರ್ಸಕ್ಕೆ ಎಷ್ಟು ಹೊತ್ತು ಬೇಕಿತ್ತು?" ಎಂದು ಅರುಣ ಕೇಳಿದ.

"ಎರಡು ನಿಮಿಷ."

ಅರುಣ ತಲೆಯಾಡಿಸಿದ. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಬಸ್ ಸ್ಟ್ಯಾಂಡಿನ ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅತ್ತ. ಹದಿನೆಂಟು ದಿನದಿಂದ ಕೊಂದವನೆಂದು ಅನಿಸಿಕೊಂಡು ಅಳುವ ಹಕ್ಕನ್ನೇ ಕಳೆದುಕೊಂಡಿದ್ದ ಗಂಡಸು ಅವನು. ಅಳು ನಿಂತ ಮೇಲೆ ಮೂಗು ಒರೆಸಿಕೊಂಡು ಎದ್ದ.

"ಪೊಲೀಸ್ನೋರ ಹತ್ರ ನಾಳೆ ಹೇಳಿ. ಇವತ್ತು ನೆಮ್ಮಾರಿಗೆ ಬನ್ನಿ. ನಮ್ಮತ್ತೆ ಮುಂದೆ, ಮಗಳ ಮುಂದೆ ಇದನ್ನೇ ಹೇಳಿ. ನಾನು ಹೇಳಿದ್ರೆ ನಂಬಲ್ಲ."

ಶೃಂಗೇರಿಯಲ್ಲಿ ಬಸ್ಸು ಬದಲಾಯಿಸಿ ನೆಮ್ಮಾರಿಗೆ ಹೋದರು. ದಾರಿಯುದ್ದಕ್ಕೂ ಅಕ್ಕಪಕ್ಕದಲ್ಲೇ ಕೂತಿದ್ದರು. ಮುಚ್ಚಳವಿದ್ದ ಚೀಲ ಯೋಗೇಶನ ತೊಡೆಯ ಮೇಲಿತ್ತು.

ಅರುಣನ ಅತ್ತೆ ಪುಟ್ಟಕ್ಕ ಅಂಗಳದಲ್ಲಿ ಉದುರಿದ ದರಗೆಲೆ ಗುಡಿಸುತ್ತಿದ್ದಳು. ಅಳಿಯನನ್ನು ಕಂಡು ಪೊರಕೆ ಎತ್ತಿದಳು. "ಅತ್ತೆ, ಒಂದು ಮಾತು. ಇವ್ರು ಹೇಳದನ್ನ ಕೇಳಿ, ಆಮೇಲೆ ಹೊಡೀರಿ" ಎಂದು ಅರುಣ ಅಂಗಳದ ಅಂಚಿನಲ್ಲೇ ನಿಂತ. ಏಳು ವರ್ಷದ ಕಾವ್ಯ ಬಾಗಿಲ ದಾರಂದ ಹಿಡಿದುಕೊಂಡು ನೋಡುತ್ತಿದ್ದಳು.

ಯೋಗೇಶ ಚೀಲದಿಂದ ಮುಚ್ಚಳ ತೆಗೆದು ಹಿಡಿದು ಹೇಳಿದ. ಅರುಣನಿಗೆ ಹೇಳಿದ್ದಕ್ಕಿಂತ ಇದು ಕಷ್ಟವಾಗಿತ್ತು. ಇಲ್ಲಿ ವಯರು, ಕಾಯಿಲ್, ಅರ್ತಿಂಗ್ ಎಂಬ ಮಾತುಗಳ ಹಿಂದೆ ಅಡಗಿಕೊಳ್ಳಲು ಆಗುತ್ತಿರಲಿಲ್ಲ. "ಆ ಗೀಸರಿನ ಒಂದು ವಯರು ಬಿಚ್ಚಿತ್ತು. ಸೇರ್ಸು ಅಂತ ಒಳಗೆ ಬರ್ದಿತ್ತು. ಸೇರಿಸಿದ್ರೆ ನಿಮ್ಮ ಮಗಳು ಸಾಯ್ತಿರ್ಲಿಲ್ಲ. ಸೇರಿಸ್ಬೇಕಾಗಿದ್ದವನು ನಾನು. ಅರುಣ ಮಾಡಿದ್ದು ಎಲ್ಲ ಸರಿ ಇತ್ತು."

ಪುಟ್ಟಕ್ಕ ಹತ್ತಿರ ಬಂದು ಮುಚ್ಚಳವನ್ನು ನೋಡಿದಳು. ಬರಹದ ಮೇಲೆ ಬೆರಳಾಡಿಸಿದಳು.

"ಇದನ್ನ ನೀನು ಓದಿದ್ಯ?"

"ಓದಿದ್ದೆ."

"ಓದಿ ಎಂತ ಮಾಡ್ದೆ?"

ಯೋಗೇಶ ಮಗುವಿನ ಕಡೆ ನೋಡಿದ. ಸುಳ್ಳು ಹೇಳುವುದಾದರೆ ಅದೇ ಕೊನೆಯ ಅವಕಾಶ. "ನಕ್ಕೆ" ಎಂದ.

ಪುಟ್ಟಕ್ಕ ಮುಚ್ಚಳದಿಂದ ಕೈ ತೆಗೆದಳು. "ನಂಗೆ ಓದಕ್ಕೆ ಬರಲ್ಲ" ಎಂದಳು. "ಬರೋರು ಓದಿದ್ರೆ ಅದ್ರಲ್ಲಿ ಇರೋ ಹಾಗೆ ಮಾಡ್ತಾರೆ ಅಂತ ತಿಳ್ಕಂಡಿದ್ದೆ." ಕೂಗಲಿಲ್ಲ, ಶಪಿಸಲಿಲ್ಲ. ಒಳಗೆ ಹೋಗಿ ಮಗುವಿನ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿ ತಂದಳು. ಅಳಿಯನ ಮುಂದೆ ಬಂದು ನಿಂತಳು. ಅವನ ಅಂಗಿಯ ತೋಳನ್ನು ಹಿಡಿದು ಒಮ್ಮೆ ಜಗ್ಗಿ ಬಿಟ್ಟಳು.

"ಹೋಗು ಮಗ. ಅಪ್ಪನ ಸಂಗಡ ಹೋಗು. ಅಪ್ಪ ಎಂತದೂ ಮಾಡಿಲ್ಲ" ಎಂದು ಕಾವ್ಯಳನ್ನು ಮುಂದೆ ನೂಕಿದಳು.

ಕಾವ್ಯ ಅಂಗಳ ದಾಟಿ ಬಂದು ಅಪ್ಪನ ಕೈ ಹಿಡಿದಳು. ಅರುಣ ಅವಳನ್ನು ಎತ್ತಿಕೊಂಡ. ಅವಳು ಎತ್ತಿಕೊಳ್ಳುವಷ್ಟು ಸಣ್ಣವಳಾಗಿರಲಿಲ್ಲ, ಆದರೂ ಎತ್ತಿಕೊಂಡೇ ರಸ್ತೆಯ ಕಡೆ ನಡೆದ. ಯೋಗೇಶನನ್ನು ಬನ್ನಿ ಎನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ಮಗು ಮಾತ್ರ ಅಪ್ಪನ ಹೆಗಲ ಮೇಲಿನಿಂದ ಇವನನ್ನು ನೋಡುತ್ತಲೇ ಇತ್ತು.

ತಿರುವಿನಾಚೆ ಶೃಂಗೇರಿ ಬಸ್ಸಿನ ಹಾರ್ನು ಕೇಳಿತು. ಯೋಗೇಶ ಚೀಲ ತೆಗೆದುಕೊಂಡು ಹೊರಡಲು ಕಾಲೆತ್ತಿದ.

"ನಿಲ್ಲು" ಎಂದಳು ಪುಟ್ಟಕ್ಕ. ಪೊರಕೆಯನ್ನು ಮತ್ತೆ ಕೈಗೆ ತೆಗೆದುಕೊಂಡಿದ್ದಳು. "ಅವ್ರು ಹತ್ತಿದ ಬಸ್ಸು ಹತ್ಬೇಡ. ಆ ಮಗು ನಿನ್ನ ಮುಖ ನೋಡ್ಕಂಡು ಕೂರಬಾರ್ದು."

ಯೋಗೇಶ ನಿಂತ. ರಸ್ತೆಯಲ್ಲಿ ಬಸ್ಸು ನಿಂತು ಇಬ್ಬರನ್ನು ಹತ್ತಿಸಿಕೊಂಡು ಹೋಯಿತು. ಪುಟ್ಟಕ್ಕ ಬಿಟ್ಟ ಜಾಗದಿಂದ ಗುಡಿಸುವುದನ್ನು ಮುಂದುವರಿಸಿದಳು. ಮುಂದಿನ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು.